ಪರಸೀಮೆಯ ಅಜ್ಜಿ

ವಲಸೆ ಎಂದೊಡನೆ ಹಡಗು, ಸಮುದ್ರ, ಮಲೆಯಾ, ದಕ್ಷಿಣ ಆಫ್ರಿಕ ಮೊದಲಾದ ದೊಡ್ಡ ದೊಡ್ಡ ಹೆಸರುಗಳು ನಮ್ಮ ಮನಸ್ಸಿಗೆ ಬರುತ್ತವೆ. ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ ನಡೆದು ಬಂದು, ಆಯುಷ್ಯವೆಲ್ಲ ಪರಸೀಮೆಯವರೆನ್ನಿಸಿಕೊಂಡವರೂ ಉಂಟು. ನಮ್ಮ ಅಜ್ಜಿ ಅಂತಹವಳು. ಆಕೆ ಹುಟ್ಟಿದುದು ಕೊಳ್ಳೇಗಾಲದ ಕಡೆ. ಸೊಸೆಯಾಗಿ ಸೇರಿದುದು ತಿರುಮಕೂಡಲು ನರಸೀಪುರವನ್ನು. ಶಾಲೆಯ ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಎರಡು ಊರುಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ.

ಕಿರಿಯ ಶ್ರೋತೃಗಳಿಗಾಗಿ ಇಲ್ಲಿ ಒಂದೆರಡು ಮಾತು ಚರಿತ್ರೆಯನ್ನು ಹೇಳಬೇಕಾಗಿದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಯಮತ್ತೂರು ಪ್ರಾಂತವನ್ನು ಕಂಪೆನಿಯವರು ತಾವೇ ಇಟ್ಟುಕೊಂಡರು. ಅದರೊಡನೆ ಕೊಳ್ಳೇಗಾಲವೂ ಹೋಯಿತು. ಅಲ್ಲಿನ ಜನರು ಕನ್ನಡವನ್ನೇ ಆಡುತ್ತ, ಮಾದಪ್ಪನ ಬೆಟ್ಟವನ್ನು ಹತ್ತುತ್ತ, ಒಂದೂವರೆ ಶತಮಾನಕ್ಕೂ ಮೀರಿ ಮದರಾಸಿನ ಆಳ್ವಿಕೆಯಲ್ಲಿದ್ದರು. ನರಸೀಪುರವಾದರೋ ಮಹಾರಾಜರ ಸೀಮೆ. ಹೀಗಾಗಿ 1940ರ ದಶಕದಲ್ಲಿ ನಮ್ಮ ಅಜ್ಜಿ ಮದುವೆಯಾಗಿ ಮೂಗೂರಿನ ಹಾದಿಯಲ್ಲಿ ಗಾಡಿಯಿಂದ ಬಂದಾಗ, ಒಂದು ಸರ್ಕಾರದಿಂದ ಮತ್ತೊಂದು ಸರ್ಕಾರಕ್ಕೆ ಬಂದಂತಾಯಿತು. ಅತ್ತೆಯ ಮನೆಯವರು ಇದನ್ನು ಆಕೆ ಮರೆಯದಂತೆ ನೋಡಿಕೊಂಡರು. ಅವರು ಮರೆಯದಂತೆ ಆಕೆಯೂ ನೋಡಿಕೊಂಡಳು.

ಆಕೆ ತವರಿನಿಂದ ತಂದ ವಸ್ತುಗಳಲ್ಲಿ ಮುಖ್ಯವಾದುದು ಒಂದು ಹಿತ್ತಾಳೆಯ ಪಡಿ. ಅತ್ತೆಯ ಮನೆಯಲ್ಲಿ ಸೇರಿನ ಲೆಕ್ಕ. ಆಕೆಯದು ಪಡಿಯ ಲೆಕ್ಕ. ಮನೆಯ ಸೇರಿನಲ್ಲಿ ಅಳೆದು ಕೊಟ್ಟ ಅಕ್ಕಿಯನ್ನು ಆಕೆ ಅಡಿಗೆಮನೆಯ ಬಾಗಿಲು ಮರೆಮಾಡಿಕೊಂಡು ತನ್ನ ಪಡಿಯಲ್ಲಿ ಮತ್ತೆ ಅಳೆಯುತ್ತಿದ್ದಳಂತೆ. “ನಿಮ್ಮ ಸೇರಿನ ಅನ್ನ ನನ್ನ ಕೈಗೆ ಹತ್ತುವುದಿಲ್ಲ” ಎಂಬುದು ಆಕೆಯ ವಾದ. ಕೊನೆಗೆ ಮಾವನವರೇ ಸೋತು, “ಊಟ ಸರಿಯಾದ ಹೊತ್ತಿಗೆ ಬರಲಿ, ಯಾವುದರಲ್ಲಿ ಬೇಕಾದರೂ ಅಳೆಯಲಿ” ಎಂದುಬಿಟ್ಟರು. 1960ರ ಸುಮಾರಿನಲ್ಲಿ ಕಿಲೋ, ಲೀಟರುಗಳು ಅಂಗಡಿಗೆ ಬಂದು ಸೇರನ್ನು ಓಡಿಸಿದಾಗ ಆಕೆಗೆ ಆದ ಸಂತೋಷವನ್ನು ನೀವು ಊಹಿಸಿಕೊಳ್ಳಬಹುದು. ಪಡಿಯೂ ಅದರೊಡನೆ ಓಡಬೇಕಾದೀತೆಂಬುದು ಮಾತ್ರ ಆಕೆಗೆ ಹೊಳೆಯಲೇ ಇಲ್ಲ.

ಮತ್ತೊಂದು ಜಗಳ ಸರ್ಕಾರಿ ಹೆಸರುಗಳನ್ನು ಕುರಿತದ್ದು. ಮೈಸೂರು ಸೀಮೆಯ ತಾಲ್ಲೂಕಿಗೆ ಅಮಲ್ದಾರರು ಅಧಿಕಾರಿಗಳು. ಮದರಾಸಿನ ಕಡೆ ತಹಸೀಲ್ದಾರರು. ನರಸೀಪುರದ ಅಮಲ್ದಾರರನ್ನು ಆಕೆ ಎಂದೂ ಅಮಲ್ದಾರರೆಂದು ಕರೆಯಲಿಲ್ಲ. “ತಾಸೀಲ್ದಾರರ ಕಚೇರಿಯಿಂದ ಜವಾನ ಬಂದಿದ್ದಾನೆ” ಎಂದು ಕೂಗುವಳು. ಅಜ್ಜ ಒಳಗಿನಿಂದಲೇ, “ಅಮಲ್ದಾರರು!” ಎಂದು ತಿದ್ದುವರು. ಇದು ಹಲವು ವರ್ಷ ನಡೆಯಿತು.

ನರಸೀಪುರದ ಹೆಮ್ಮೆಯನ್ನು ಬಲ್ಲವರಿಗೆ ಗುಂಜಾ ನರಸಿಂಹಸ್ವಾಮಿಯ ವಿಷಯ ತಿಳಿದೇ ಇದೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿದಾಗ ಈ ಕ್ಷೇತ್ರವೇ ಒಂದು ಗುಲಗಂಜಿ ತೂಕ ಹೆಚ್ಚಾಯಿತೆಂದು ಪ್ರತೀತಿ. ಹೊಸ ಸೊಸೆಗೆ ಅತ್ತೆ ಇದನ್ನು ಭಕ್ತಿಯಿಂದ ಹೇಳಿದರು. ಸೊಸೆ ಅಷ್ಟೇ ಭಕ್ತಿಯಿಂದ, “ತೂಗಿದುದು ಯಾವ ಸೀಮೆಯ ತಕ್ಕಡಿಯಲ್ಲಿ, ಅತ್ತೆ?” ಎಂದು ಕೇಳಿದಳಂತೆ. ಆದರೆ ಮುಂದೆ ಮಕ್ಕಳು ದೊಡ್ಡವರಾಗಿ ಕಾಶಿಯಾತ್ರೆ ಮಾಡಿಸುತ್ತೇವೆಂದಾಗ ಅದೇ ಗುಲಗಂಜಿ ಆಕೆಯ ನೆರವಿಗೆ ಬಂದಿತು. “ಅಷ್ಟು ದೂರ ಹೋಗಿ ಒಂದು ಗುಲಗಂಜಿ ನಷ್ಟ ಮಾಡಿಕೊಳ್ಳುವುದೇ?” ಎಂದು ಹೊರಡಲೇ ಇಲ್ಲ.

1956ನೆಯ ನವೆಂಬರ್ ಒಂದನೆಯ ತಾರೀಖು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಪಂಡಿತರು ಇದಕ್ಕೆ ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ನಮ್ಮ ಮನೆಯಲ್ಲಿ ಪ್ರಚಾರದಲ್ಲಿದ್ದ ಕಾರಣ ಒಂದೇ. “ನಾನು ತವರಿಗೆ ಹಿಂತಿರುಗಲಿಲ್ಲ. ತವರೇ ನನ್ನನ್ನು ಹುಡುಕಿಕೊಂಡು ಬಂದಿತು” ಎಂದು ಆಕೆ ಹೇಳಿಕೊಂಡು ತಿರುಗಿದಳು. ಕೆಲವು ವರ್ಷಗಳಲ್ಲಿ ಅಮಲ್ದಾರರೆಂಬ ಹೆಸರೂ ಅಳಿದು ತಹಸೀಲ್ದಾರರೆಂಬುದೇ ನಿಂತಿತು. ಅಂದು ಅಜ್ಜ ಊಟಕ್ಕೆ ತಡವಾಗಿ ಬಂದರೆಂದೂ, ಮಾತಿಲ್ಲದೆ ಉಂಡು ಎದ್ದರೆಂದೂ ಕೇಳಿದ್ದೇವೆ.

ಆದರೆ ಆಕೆಯ ಈ ಜಯದಲ್ಲಿ ಒಂದು ಕೊರತೆಯಿದ್ದಿತು. ಆಕೆಯ ಅಕ್ಕನನ್ನು ತಾಳವಾಡಿಯ ಕಡೆಗೆ ಕೊಟ್ಟಿದ್ದರು. ಅಲ್ಲಿಯೂ ಕನ್ನಡದ ಜನ, ಅದೇ ರಾಗಿ, ಅದೇ ಮಾತು. ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಕೊಳ್ಳೇಗಾಲವನ್ನು ಈಚೆಗೆ ತಂದವರು ತಾಳವಾಡಿಯನ್ನು ಅಲ್ಲಿಯೇ ಬಿಟ್ಟರು. ಈಗ ಅದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. “ತಂಗಿಯನ್ನು ತೆಗೆದುಕೊಂಡು ಅಕ್ಕನನ್ನು ಬಿಟ್ಟರಲ್ಲ, ಇದು ಎಂತಹ ಲೆಕ್ಕ?” ಎಂಬ ಪ್ರಶ್ನೆಯನ್ನು ಮನೆಗೆ ಬಂದ ಪ್ರತಿಯೊಬ್ಬ ಗುಮಾಸ್ತನನ್ನೂ ಆಕೆ ಕೇಳುತ್ತಿದ್ದಳು. ಯಾರಿಗೂ ಉತ್ತರ ತೋಚಲಿಲ್ಲ. ನಮಗೂ ಇಂದಿನವರೆಗೆ ತೋಚಿಲ್ಲ.

ನಮ್ಮ ತಾಯಿಯ ವಲಸೆ ಇನ್ನೂ ಚಿಕ್ಕದು, ನರಸೀಪುರದಿಂದ ನಂಜನಗೂಡಿಗೆ. ಎರಡೂ ಕಪಿಲೆಯ ದಂಡೆಯ ಊರುಗಳು. ನಂಜನಗೂಡು ಮೇಲೆ, ನರಸೀಪುರ ಕೆಳಗೆ. ಮಗಳನ್ನು ಕಳುಹಿಸುವಾಗ ಅಜ್ಜಿ, “ನೋಡು ಮಗು, ಅಲ್ಲಿ ನೀನು ಸ್ನಾನಘಟ್ಟದಲ್ಲಿ ಕುಳಿತು ಅತ್ತರೆ ಆ ನೀರು ಇಲ್ಲಿಗೇ ಬರುತ್ತದೆ. ನನಗೆ ಗೊತ್ತಾಗುತ್ತದೆ” ಎಂದಳಂತೆ. ಅಮ್ಮ ಅಳಲಿಲ್ಲ. ಆದರೆ ಮೊದಲ ವರ್ಷದಲ್ಲಿಯೇ, ನಂಜನಗೂಡಿನ ರಸಬಾಳೆಗಿಂತ ನರಸೀಪುರದ ಯಾವ ಹಿತ್ತಲಿನ ಬಾಳೆಯಾದರೂ ಮೇಲೆಂದು ಸಾರಿ ಬಂಧುಗಳಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿದಳು. ಹಟವು ವಂಶಪಾರಂಪರ್ಯವಾಗಿ ಬರುತ್ತದೆಂಬುದಕ್ಕೆ ನಮಗೆ ಬೇರೆ ಪ್ರಮಾಣ ಬೇಕಾಗಿಲ್ಲ.

1991ನೆಯ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಪ್ರಕಟಣೆಯಾದೊಡನೆ ಬೆಂಗಳೂರು, ಮೈಸೂರು ಕಡೆಗಳಲ್ಲಿ ಗಲಭೆಯೆದ್ದಿತು. ತಮಿಳರ ಮನೆ, ಅಂಗಡಿಗಳು ಉರಿದವು; ಜೀವಗಳೂ ಹೋದವು. ಗಡಿಯಾಚೆಗೆ ಬಸ್ಸು ನಿಂತಿತು. ಅದೇ ವಾರ ತಾಳವಾಡಿಯಿಂದ, ಅಕ್ಕ ಹಾಸಿಗೆ ಹಿಡಿದಿದ್ದಾಳೆಂದು ಹೇಳಿಕೆ ಬಂದಿತು. ಮಾರನೆಯ ದಿನ ಅಜ್ಜಿ ಕೈಚೀಲದೊಡನೆ ನಂಜನಗೂಡಿನ ನಮ್ಮ ಮನೆಯ ಜಗಲಿಯ ಮೇಲಿದ್ದಳು. ನಾವಿನ್ನೂ ಹುಡುಗರು, ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿದೆವು. ತಂದೆಯವರು ಬೇಡವೆಂದು ಬಹಳವಾಗಿ ಹೇಳಿದರು.

“ಜಗಳ ಯಾರ ವಿಷಯಕ್ಕೆ, ಅಳಿಯಂದಿರೇ?” ಎಂದಳು ಅಜ್ಜಿ.

“ಕಾವೇರಿಯ ವಿಷಯಕ್ಕೆ.”

“ಕಾವೇರಿ ನಮ್ಮೂರಿನವಳು. ದಿನಾ ನೋಡುತ್ತೇನೆ. ಅಕ್ಕನ ಮನೆಗೆ ಹೋಗಬೇಡವೆಂದು ಆಕೆ ನನಗೇನೂ ಹೇಳಿಲ್ಲ.”

ಅಮ್ಮನೂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೆ ಹೊರಟಳು. ಮುಂದಿನದನ್ನು ನಾವು ಕೇಳಿದುದು ಅಮ್ಮನ ಬಾಯಿಂದ. ಚಾಮರಾಜನಗರದವರೆಗೆ ರೈಲು, ಅಲ್ಲಿಂದಾಚೆಗೆ ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ಹುಲ್ಲಿನ ಗಾಡಿ. ಒಂದು ತಿರುವಿನಲ್ಲಿ ಪೋಲೀಸಿನವನೊಬ್ಬನು ಗಾಡಿಯನ್ನು ತಡೆದು, “ಅಜ್ಜಿ, ನೀವು ಯಾವ ಕಡೆಯವರು?” ಎಂದು ಕೇಳಿದನು. ಅಜ್ಜಿ ಅವನನ್ನು ಒಂದು ಗಳಿಗೆ ನೋಡಿ, “ಯಾವ ವರ್ಷದ ಲೆಕ್ಕದಲ್ಲಿ ಕೇಳುತ್ತೀಯಪ್ಪ?” ಎಂದಳು. ಅವನಿಗೆ ಏನು ಅರ್ಥವಾಯಿತೋ ತಿಳಿಯದು. ಗಾಡಿಯನ್ನು ಬಿಟ್ಟನು. ಗಡಿಯೆಲ್ಲಿ ಬಂದಿತೆಂದು ಅಮ್ಮನಿಗೆ ತಿಳಿಯಲೇ ಇಲ್ಲವಂತೆ; ರಾಗಿಯ ಕೂಳೆಯ ಹೊಲಗಳು ಒಂದೇ ಸಮನೆ ಹೋಗಿದ್ದವು.

ಅಕ್ಕತಂಗಿಯರು ಮೂರು ದಿನ ಒಟ್ಟಿಗಿದ್ದರು. ಮೊದಲನೆಯ ದಿನ ಅತ್ತರು. ಉಳಿದೆರಡು ದಿನ, ತವರಿನ ಆ ಹಿತ್ತಾಳೆಯ ಪಡಿ ನ್ಯಾಯವಾಗಿ ಹಿರಿಯ ಮಗಳಿಗೆ ಬರಬೇಕಾಗಿದ್ದಿತೆಂಬುದನ್ನು ಕುರಿತು ಜಗಳವಾಡಿದರು. ಹಾಸಿಗೆ ಹಿಡಿದವಳು ದಿಂಬಿಗೊರಗಿ ಕುಳಿತೇ ವಾದಿಸಿದಳಂತೆ. ಆಕೆ ಮುಂದಿನ ಸಂಕ್ರಾಂತಿಯನ್ನು ಕಾಣಲಿಲ್ಲ. ನಮ್ಮ ಅಜ್ಜಿ ಆಮೇಲೆ ಬಹುಕಾಲ ಗುಮಾಸ್ತರನ್ನು ಏನೂ ಕೇಳಲಿಲ್ಲ.

1997ನೆಯ ಆಗಸ್ಟ್ 15ರಂದು ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಕೊಳ್ಳೇಗಾಲ ಅದಕ್ಕೆ ಸೇರಿತು. ನರಸೀಪುರ, ನಂಜನಗೂಡುಗಳು ಮೈಸೂರಿನಲ್ಲಿಯೇ ಉಳಿದವು. ವೃತ್ತಪತ್ರಿಕೆಯನ್ನು ಓದಿ ಹೇಳಿದಾಗ ಅಜ್ಜಿ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಇನ್ನೊಂದು ಸಲ ಗೆರೆ ಎಳೆಯುವಾಗ ನನ್ನನ್ನೂ ಒಂದು ಮಾತು ಕೇಳುವುದಕ್ಕೆ ಹೇಳಿ” ಎಂದಳು. ಹೀಗೆ ಆಕೆ ಮತ್ತೊಮ್ಮೆ ಪರಸೀಮೆಯವಳಾದಳು. ಈ ಸಲ ಆಕೆಗೆ ಅದು ಅಷ್ಟೇನೂ ಬೇಸರವಾದಂತೆ ಕಾಣಲಿಲ್ಲ.

ಕೆಲವು ವರ್ಷಗಳ ತರುವಾಯ ಆಕೆಯ ಅಸ್ಥಿಯನ್ನು ಸಂಗಮದಲ್ಲಿ ಬಿಟ್ಟೆವು. ಕಾಶಿಗೆ ಒಯ್ಯುವ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಅಲ್ಲಿಂದ ಮುಂದೆ ಕಾವೇರಿ ಕೊಳ್ಳೇಗಾಲದ ಸೀಮೆಯನ್ನು ಸವರಿಕೊಂಡು ಹರಿದು ತಮಿಳುನಾಡಿಗೆ ಇಳಿಯುತ್ತಾಳೆ.

ಪಡಿಯನ್ನು ಅಣ್ಣತಮ್ಮಂದಿರೊಡನೆ ವಾದಿಸಿ ಅಮ್ಮ ನಂಜನಗೂಡಿಗೆ ತಂದಳು. ಒಮ್ಮೆ ನಾವು, ಓದಿದವರ ಚಪಲದಿಂದ, ಅದನ್ನು ಲೀಟರಿನ ಪಾತ್ರೆಯೊಡನೆ ಹೋಲಿಸಲು ಹೊರಟೆವು. ಅದರ ತಳ ಎಂದೋ ತಗ್ಗಿ ಒಳಕ್ಕೆ ಹೋಗಿದೆ. ಅರುವತ್ತು ವರ್ಷ ಆ ಮನೆಯ ಅನ್ನವನ್ನು ಅಳೆದ ಪಡಿ ಪೂರ್ತಿ ಪಡಿಯಲ್ಲವೆಂದು ಅಮ್ಮನಿಗೆ ತೋರಿಸಿದೆವು. ಅಮ್ಮ ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು, “ಅದಕ್ಕೇ ಅಲ್ಲವೇ ನಿಮ್ಮಜ್ಜಿ ಪ್ರತಿ ಸಲ ಮೇಲೆ ಒಂದು ಹಿಡಿ ಹಾಕುತ್ತಿದ್ದುದು?” ಎಂದಳು. ಈಗ ಅಮ್ಮನೂ ಅದರಲ್ಲಿಯೇ ಅಳೆಯುತ್ತಾಳೆ. ಮೇಲೆ ಎರಡು ಹಿಡಿ ಹಾಕುತ್ತಾಳೆ. ಎರಡನೆಯದು ಏತಕ್ಕೆಂದು ಕೇಳಿದರೆ, ತಾಳವಾಡಿಯಿಂದ ಯಾರಾದರೂ ಬಂದಾರು ಎನ್ನುತ್ತಾಳೆ.