ಸಹಿ ಯಾವುದಕ್ಕೆ ಬಿದ್ದಿದೆ?



ಒಂದು ಪ್ರಾರ್ಥನಾ ಕೂಟದಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ತಾಯಿಯೊಬ್ಬರು, ಯೇಸುಸ್ವಾಮಿಯದೆನ್ನಲಾದ ಸಂದೇಶಗಳ ಪುಸ್ತಕವೊಂದರ ಮೊದಲ ಪುಟವನ್ನು ಝೆರಾಕ್ಸ್ ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ಜಪಸರದ ಜೊತೆ ಇಟ್ಟುಕೊಂಡಿದ್ದರು. "ಬಿಷಪ್ ಸ್ವಾಮಿಗಳೇ ಸಹಿ ಹಾಕಿದ್ದಾರಲ್ಲ ಫಾದರ್, ಓದಬಹುದು ತಾನೇ?" ಎಂದರು. ಇಂಥ ಸಂದೇಶಗಳಿಗೆ ಸಿಗುವ ಒಪ್ಪಿಗೆಯ ಕುರಿತ ಈ ವಿಚಾರ ಸಂಕಿರಣದ ಬೀಜ ಆ ಪ್ರಶ್ನೆಯಲ್ಲಿದೆ.

ಮೊದಲು ಒಂದು ಹಳೆಯ ಪ್ರಸಂಗ. ಇಟಲಿಯ ವಿಯಾರೆಜ್ಜೊದಲ್ಲಿ ಹಾಸಿಗೆ ಹಿಡಿದಿದ್ದ ಮರಿಯ ವಾಲ್ತೋರ್ತ 1943ರಿಂದ ನೋಟ್‌ಬುಕ್ಕುಗಳ ತುಂಬ ಯೇಸುಸ್ವಾಮಿಯ ಬದುಕಿನ ದೃಶ್ಯಗಳನ್ನು ಬರೆಯುತ್ತ ಹೋದರು. ಆ ಕೃತಿಯ ವಿಚಾರವಾಗಿ 1948ರ ಫೆಬ್ರವರಿ 26ರಂದು ಸರ್ವೈಟ್ ಸಭೆಯ ಮೂವರು ಗುರುಗಳು ಪೋಪ್ ಹನ್ನೆರಡನೇ ಪಯಸ್ ಅವರನ್ನು ಕಂಡರು. ಮರುದಿನದ ವ್ಯಾಟಿಕನ್ ಪತ್ರಿಕೆಯಲ್ಲಿ ಆ ಭೇಟಿಯ ಸುದ್ದಿ ಇದೆ. ಕೃತಿಯನ್ನು ಇದ್ದಹಾಗೇ ಪ್ರಕಟಿಸಲು ಪೋಪರು ಹೇಳಿದರೆಂಬುದು ಮಾತ್ರ ಭೇಟಿಯಾಗಿ ಬಂದವರ ಹೇಳಿಕೆ. ಭೇಟಿಗೆ ಅಚ್ಚಾದ ದಾಖಲೆಯಿದೆ, ಮಾತಿಗೆ ಅವರ ನೆನಪೇ ಆಧಾರ. ಅವರು ಸುಳ್ಳಾಡಿದರೆಂದು ನಾನು ಹೇಳಲಾರೆ. ಆದರೆ ದಾಖಲೆಯ ಬಲವನ್ನು ಮಾತಿಗೂ ತೊಡಿಸಿದಾಗ ಓದುಗರು ದಾರಿ ತಪ್ಪುತ್ತಾರೆ. 1959ರ ಡಿಸೆಂಬರಿನಲ್ಲಿ ರೋಮಿನ ಹೋಲಿ ಆಫೀಸ್ ಆ ಕೃತಿಯನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶಕ್ಕೇ ತಾಗುವ ಇನ್ನೊಂದು ಪ್ರಸಂಗ, ಯೇಸುಸ್ವಾಮಿಯೇ ತಮ್ಮಿಂದ ಬರೆಸುತ್ತಾರೆಂದು ಹೇಳುವ ವಸ್ಸುಲಾ ರೀಡೆನ್ ಅವರದು. ಅವರ ಬರಹಗಳ ಬಗ್ಗೆ ರೋಮ್ 1995ರಲ್ಲಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತ್ತು. 2005ರಲ್ಲಿ ಜಮ್‌ಶೆಡ್‌ಪುರದ ಬಿಷಪರು ಅವೇ ಬರಹಗಳಿಗೆ ಇಂಪ್ರಿಮಾತುರ್, ಅಂದರೆ ಮುದ್ರಣದ ಅನುಮತಿ, ಕೊಟ್ಟರು. 2007ರಲ್ಲಿ ರೋಮಿನ ಪರವಾಗಿ ಕಾರ್ಡಿನಲ್ ಲೆವಾಡ ಹಳೆಯ ಪ್ರಕಟಣೆ ಇನ್ನೂ ಊರ್ಜಿತದಲ್ಲಿದೆ ಎಂದು ಬರೆದರು. ಇಂಪ್ರಿಮಾತುರ್ ಹೇಳುವುದು ತೀರ ಕಡಿಮೆ: ಪುಸ್ತಕದಲ್ಲಿ ವಿಶ್ವಾಸಕ್ಕೂ ನೀತಿಗೂ ವಿರುದ್ಧವಾದದ್ದು ಕಂಡಿಲ್ಲ, ಅಷ್ಟೆ. ಬರೆಸಿದವರು ಯೇಸುಸ್ವಾಮಿಯೇ ಹೌದೇ ಎಂಬ ಪ್ರಶ್ನೆಗೆ ಆ ಸಹಿಯಲ್ಲಿ ಉತ್ತರವಿಲ್ಲ.

ರೋಮಿನ ಮಾತನ್ನೂ ಹೀಗೆಯೇ ಹಿಗ್ಗಿಸುತ್ತಾರೆ. 2024ರ ಮೇ ತಿಂಗಳ ಹೊಸ ನಿಯಮಗಳ ಪ್ರಕಾರ ದರ್ಶನದಂಥ ಘಟನೆಯೊಂದು ದೈವಿಕವೆಂದು ಘೋಷಿಸುವುದು ಸಾಮಾನ್ಯವಾಗಿ ಇನ್ನಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದರ್ಶನಗಳ ಸ್ಥಳವೆಂದು ಹೆಸರಾದ ಮೆಜುಗೋರೆಗೆ ಸಿಕ್ಕಿದ್ದು ಅಲ್ಲಿನ ಭಕ್ತಿಯಾಚರಣೆಗೆ ಅಡ್ಡಿಯಿಲ್ಲವೆಂಬ ಒಪ್ಪಿಗೆ. ದರ್ಶನಗಳು ನಿಜವೆಂಬ ತೀರ್ಪನ್ನು ಅದು ಕೊಡಲಿಲ್ಲ. ಆದರೂ ದರ್ಶನಗಳನ್ನೇ ವ್ಯಾಟಿಕನ್ ಒಪ್ಪಿತೆಂದು ಹೇಳಿಕೊಂಡು ತಿರುಗುವವರಿದ್ದಾರೆ.

ಹಾಗಾಗಿ ಇಲ್ಲಿ ಮಂಡನೆಯಾಗುವ ಪ್ರಬಂಧಗಳಲ್ಲಿ ನಾನು ಹುಡುಕುವುದು ಸಣ್ಣ ವಿವರಗಳನ್ನು. ಕೃತಿಯನ್ನು ಹೊಗಳಿದವರು ಬರೆದವರ ಧರ್ಮಕ್ಷೇತ್ರದ ಅಧಿಕಾರಿಯೇ, ಹೊರಗಿನವರೇ? ಇಡೀ ಕೃತಿಯನ್ನು ಓದಿದ್ದರೇ? ಅವರ ಪತ್ರ ಪೂರ್ತಿ ಸಿಕ್ಕಿದೆಯೇ, ಒಂದು ಸಾಲು ಮಾತ್ರವೇ? ಅದರ ನಂತರ ಬಂದ ಆದೇಶ ಯಾವುದು?

ಆ ತಾಯಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಹೆದರಿಸಲು ಮನಸ್ಸಾಗದೆ ಸುಮ್ಮನೆ ತಲೆಯಾಡಿಸಿದೆ. ಆಕೆ ಆ ಪುಟಕ್ಕೆ ಮುತ್ತಿಟ್ಟು ಚೀಲದೊಳಗೆ ಇಟ್ಟುಕೊಂಡರು.