ಬಾಗಬೇಕು, ಬಿರಿಯಬಾರದು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನಮ್ಮ ಶಾಲೆಗೆ ಐವತ್ತು ತುಂಬಿದ ದಿನ ನನ್ನನ್ನೂ ಕರೆದು ಮಾತನಾಡಲು ಹೇಳಿದ್ದೀರಿ. ನಾನು ಓದಿದ್ದು ಮೆಕ್ಯಾನಿಕಲ್ ಬಿ.ಇ., ಈಗ ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಇವತ್ತು ಕಂಪ್ಯೂಟರ್ ವಿಷಯ ಬೇಡ. ಮೋರಖಂಡಿಯಲ್ಲಿ ಈಗ ಆರ್‌ಸಿಸಿ ಮನೆಗಳು ಏಳುತ್ತಿವೆ. ನಮ್ಮ ಹುಡುಗರು ಐಟಿಐ ಸೇರಿ ವೆಲ್ಡಿಂಗ್ ಕಲಿಯುತ್ತಿದ್ದಾರೆ. ಆದ್ದರಿಂದ ಕಬ್ಬಿಣವನ್ನು ಬಾಗಿಸಿ ಪರೀಕ್ಷಿಸುವ ಬೆಂಡ್ ಟೆಸ್ಟ್ ಬಗ್ಗೆ ಎರಡು ಮಾತು ಹೇಳುತ್ತೇನೆ.

ಹಸಿ ತೊಗರಿ ಕಟ್ಟಿಗೆ ಬಾಗಿಸಿದರೆ ಬಾಗುತ್ತದೆ, ಒಣಗಿದ್ದು ಲಟಕ್ಕನೆ ಮುರಿಯುತ್ತದೆ. ಕಬ್ಬಿಣದ ಪರೀಕ್ಷೆಯೂ ಇಷ್ಟೇ. ಬಾಗಿಸಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಹಿಗ್ಗುವ ಗುಣ ಇಲ್ಲದಿದ್ದರೆ ಹೊರಮೈಯಲ್ಲಿ ಬಿರುಕು ಕಾಣುತ್ತದೆ.

ಮೊದಲು ವೆಲ್ಡಿಂಗ್. ಸಸ್ತಾಪುರ ಬಂಗ್ಲಾದ ಆಟೋ ನಗರದಲ್ಲಿ ಲಾರಿಗಳಿಗೆ ವೆಲ್ಡ್ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ನುಣುಪಾಗಿ ಕಂಡರೂ ಒಳಗೆ ಕಿಟ್ಟ ಸಿಕ್ಕಿಕೊಂಡಿರಬಹುದು, ಗಾಳಿಗುಳ್ಳೆ ಉಳಿದಿರಬಹುದು, ಎರಡು ಪ್ಲೇಟುಗಳು ಬೆಸೆದೇ ಇರಲಿಕ್ಕಿಲ್ಲ. ಅದಕ್ಕೆ ಬೆಸುಗೆ ನಡುವೆ ಬರುವಂತೆ ಪಟ್ಟಿ ಕತ್ತರಿಸುತ್ತಾರೆ, ಉಬ್ಬನ್ನು ಗ್ರೈಂಡರಿನಿಂದ ಸಮ ಮಾಡುತ್ತಾರೆ. 10 ಮಿ.ಮೀ. ದಪ್ಪದ ಪಟ್ಟಿಯನ್ನು ಸುಮಾರು 40 ಮಿ.ಮೀ. ವ್ಯಾಸದ ದುಂಡನೆಯ ಅಚ್ಚಿನ ಮೇಲೆ 180 ಡಿಗ್ರಿ ಬಾಗಿಸುತ್ತಾರೆ. ಆಗ ಹೊರಮೈ ಶೇ. 20ರಷ್ಟು ಹಿಗ್ಗಬೇಕಾಗುತ್ತದೆ. ಬೆಸುಗೆಯ ಮೇಲ್ಭಾಗ ಹೊರಗೆ ಬಂದರೆ ಫೇಸ್ ಬೆಂಡ್, ಬುಡ ಹೊರಗೆ ಬಂದರೆ ರೂಟ್ ಬೆಂಡ್, ದಪ್ಪ ಪ್ಲೇಟಾದರೆ ಸೈಡ್ ಬೆಂಡ್. ಬಾಯ್ಲರ್ ಕೆಲಸಕ್ಕೆ ಹಲವು ದೇಶಗಳಲ್ಲಿ ಬಳಸುವ ಎಎಸ್‌ಎಂಇ ನಿಯಮದ ಪ್ರಕಾರ 3 ಮಿ.ಮೀ.ಗಿಂತ ದೊಡ್ಡದಾಗಿ ಬಾಯಿಬಿಟ್ಟ ದೋಷ ಕಂಡರೆ ಫೇಲ್. ಅಲ್ಲಿ ಶಿಫಾರಸು ನಡೆಯುವುದಿಲ್ಲ.

ಇನ್ನು ಮನೆಗೆ ಹಾಕುವ ಟಿಎಂಟಿ ರಾಡ್. ಇದಕ್ಕೆ ಐಎಸ್ 1786 ಎಂಬ ಭಾರತೀಯ ಮಾನಕ ಇದೆ. ಎಫ್‌ಇ 500ಡಿ ಎಂಬುದರಲ್ಲಿ 500 ಎಂದರೆ ಶಕ್ತಿ, ಡಿ ಎಂದರೆ ಮುರಿಯದೆ ಹಿಗ್ಗುವ ಗುಣ ಹೆಚ್ಚು ಎಂದು. ಈ ದರ್ಜೆಯ 12 ಮಿ.ಮೀ. ರಾಡನ್ನು 36 ಮಿ.ಮೀ. ಅಚ್ಚಿನ ಸುತ್ತ 180 ಡಿಗ್ರಿ ಬಾಗಿಸಿದರೆ ಕಣ್ಣಿಗೆ ಕಾಣುವ ಅಡ್ಡ ಬಿರುಕು ಇರಬಾರದು. ಇನ್ನೊಂದು ಪರೀಕ್ಷೆಯಲ್ಲಿ ರಾಡನ್ನು ಬಾಗಿಸಿ, ಅರ್ಧ ಗಂಟೆ ಕುದಿಯುವ ನೀರಿನಲ್ಲಿಟ್ಟು, ಆರಿದ ಮೇಲೆ ಹಿಂದಕ್ಕೆ ಬಾಗಿಸುತ್ತಾರೆ. ಕಾಲ ಕಳೆದಂತೆ ಉಕ್ಕು ಪೆಡಸಾಗುತ್ತದೆಯೇ ಎಂದು ತಿಳಿಯಲು ಇದು.

ಮನೆಗೆ ಇಷ್ಟೆಲ್ಲ ಏಕೆ ಎಂದು ಹಿರಿಯರು ಕೇಳಬಹುದು. ಉತ್ತರ ನಿಮಗೇ ಗೊತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ, ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ದಪ್ಪ ಕಲ್ಲು ಮಣ್ಣಿನ ಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದು ಸಾವಿರಾರು ಜನ ಸತ್ತರು. ಆ ಗೋಡೆಗಳು ಗಟ್ಟಿಯಾಗಿಯೇ ಕಾಣುತ್ತಿದ್ದವು. ಆದರೆ ಕಲ್ಲಿಗೂ ಕಲ್ಲಿಗೂ ಹಿಡಿತವಿರಲಿಲ್ಲ. ಆರ್‌ಸಿಸಿ ಕಂಬದಲ್ಲಿ ಆ ಹಿಡಿತ ಕೊಡುವುದು ಒಳಗಿನ ಕಬ್ಬಿಣ. ನಡುಕ ಬಂದಾಗ ಅದು ಬಾಗಿ ತಾಳಿಕೊಂಡರೆ ಒಳಗಿದ್ದವರಿಗೆ ಹೊರಗೆ ಓಡಲು ಸಮಯ ಸಿಗುತ್ತದೆ. ಲಟಕ್ಕನೆ ಮುರಿದರೆ ಆ ಸಮಯವೂ ಇಲ್ಲ.

ಮನೆ ಕಟ್ಟುವವರಲ್ಲಿ ನನ್ನ ವಿನಂತಿ: ರಾಡಿನ ಮೇಲೆ ಐಎಸ್‌ಐ ಗುರುತು, ದರ್ಜೆ ನೋಡಿ, ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಬಾರ್ ಬೆಂಡರ್ ಬಾಗಿಸಿದ ಮೇಲೆ ತಿರುವಿನ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ಆ ರಾಡ್ ಬೇಡ. ತೀರಾ ಸಣ್ಣ ಗೂಟಕ್ಕೆ ಬಾಗಿಸಿದರೆ ಒಳ್ಳೆಯ ರಾಡೂ ಬಿರಿಯಬಹುದು. ಟಿಎಂಟಿಯನ್ನು ಬೆಂಕಿಯಲ್ಲಿ ಕಾಯಿಸಿ ಬಾಗಿಸಬೇಡಿ. ರಿಂಗುಗಳನ್ನು ತಂತಿಯಿಂದ ಕಟ್ಟಿಸಿ, ವೆಲ್ಡ್ ಹೊಡೆಸಬೇಡಿ.

ವೆಲ್ಡಿಂಗ್ ಕಲಿಯುವ ತಮ್ಮಂದಿರಿಗೆ ಒಂದು ಮಾತು. ಪುಣೆಯಾಗಲಿ ದುಬೈಯಾಗಲಿ, ದೊಡ್ಡ ಕಂಪನಿಗೆ ಹೋದರೆ ಒಂದು ಪ್ಲೇಟೋ ಪೈಪೋ ಕೊಟ್ಟು ಬೆಸೆಯಲು ಹೇಳಿ, ಅದನ್ನು ಕತ್ತರಿಸಿ ಬಾಗಿಸಿ ನೋಡಬಹುದು. ಅದಕ್ಕೆ ಇಲ್ಲಿಯೇ ತಯಾರಾಗಿ. ನೀವು ಬೆಸೆದ ತುಂಡನ್ನು ನೀವೇ ಮಾಸ್ತರರ ಮುಂದೆ ಬಾಗಿಸಿ ನೋಡಿ. ಬಿರಿದರೆ ಬಿರಿಯಲಿ. ವರ್ಕ್‌ಶಾಪಿನಲ್ಲಿ ಬಿರಿದರೆ ಒಂದು ತುಂಡು ಹೋಗುತ್ತದೆ, ರಸ್ತೆಯಲ್ಲಿ ಟ್ರಾಲಿಯ ಕೊಂಡಿ ಬಿರಿದರೆ ಜೀವ ಹೋಗುತ್ತದೆ.

ನಮ್ಮ ಗುರುಗಳು ಲೆಕ್ಕದ ಉತ್ತರ ಸರಿಯಿದ್ದರೂ ಬೋರ್ಡಿನ ಮೇಲೆ ಬಿಡಿಸಿ ತೋರಿಸು ಎನ್ನುತ್ತಿದ್ದರು. ನೋಡಿ ನಂಬುವುದಲ್ಲ, ಪರೀಕ್ಷಿಸಿ ನಂಬುವುದನ್ನು ಈ ಶಾಲೆಯೇ ಕಲಿಸಿತು.