ಹೆಸರು ಒಂದೇ, ಮೂಲ ಬೇರೆ ಬೇರೆ

(ವೈದ್ಯಕೀಯ ನೆರವು ನಿಧಿಗಾಗಿ ಕೊಂಡಾಪುರದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನೆರವು ನಿಧಿಯಿಂದ ಕ್ಯಾನ್ಸರ್ ರೋಗಿಗಳ ಪರೀಕ್ಷೆಗೂ ಹಣ ಕೊಡಬೇಕು ಎಂದು ಕೇಳಲು ನಿಂತಿದ್ದೇನೆ. ಅದು ಏಕೆ ಬೇಕೆಂದು ಅಂಡಾಶಯದ ಕ್ಯಾನ್ಸರಿನ ಉದಾಹರಣೆಯಿಂದಲೇ ಹೇಳುತ್ತೇನೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದವನು, ಡಾಕ್ಟರಲ್ಲ. ಈ ವಿಷಯ ಕಲಿಯಬೇಕಾಗಿ ಬಂದದ್ದು ಕಲಬುರಗಿಯ ನಮ್ಮ ಅತ್ತಿಗೆಗೆ ಆ ಕಾಯಿಲೆ ಬಂದಾಗ. ನಾಲ್ಕು ತಿಂಗಳು ಹೊಟ್ಟೆ ಉಬ್ಬರಕ್ಕೆ ಗ್ಯಾಸಿನ ಮಾತ್ರೆ ನುಂಗಿದ್ದರು. ಆಪರೇಷನ್ ಆದ ಮೇಲೆ ರಿಪೋರ್ಟ್ ಓದಿಸಿಕೊಂಡು, “ತಮ್ಮಾ, ಎಲ್ಲಾರೂ ಅಂಡಾಶಯದ್ದು ಅಂತಾರ, ಇದ್ರಾಗ ಟ್ಯೂಬ್ ಅಂತ ಬರ್ದಾರಲ್ಲ?” ಎಂದು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದು ಇದು: ಅಂಡಾಶಯದ ಕ್ಯಾನ್ಸರ್ ಎಂಬುದು ಒಂದು ಕಾಯಿಲೆಯಲ್ಲ. ಲೆಡ್ಜರಿನಲ್ಲಿ ಒಂದೇ ತಲೆಬರಹದ ಕೆಳಗೆ ಬರೆದ ಹಲವು ಖಾತೆಗಳಿದ್ದಂತೆ. ಯಾವ ಖಾತೆಯ ಹಣ ಎಲ್ಲಿಂದ ಬಂತು ಎಂದು ಮೂಲ ವೋಚರ್ ನೋಡಿಯೇ ಹೇಳಬೇಕು.

ಇವುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು, ಅಂಗದ ಹೊರಪದರದ ಕೋಶಗಳಂಥ ಕೋಶಗಳ ಕ್ಯಾನ್ಸರುಗಳು. ಅವುಗಳಲ್ಲೂ ಹೆಚ್ಚು ಕಾಣುವುದು, ಬೇಗ ಹರಡುವುದು ಹೈಗ್ರೇಡ್ ಸೀರಸ್ ಎಂಬ ಬಗೆ. ಇದು ಅಂಡಾಶಯದಲ್ಲೇ ಹುಟ್ಟುತ್ತದೆ ಎಂದು ಬಹಳ ವರ್ಷ ನಂಬಿದ್ದರು. ಮನೆತನದಲ್ಲಿ ಈ ಕಾಯಿಲೆ ಇದ್ದ ಹೆಂಗಸರಿಂದ ಮುಂಜಾಗ್ರತೆಗೆಂದು ತೆಗೆದ ಅಂಡನಾಳಗಳನ್ನು ನೆದರ್‌ಲೆಂಡ್ಸಿನ ವೈದ್ಯರು ಸೂಕ್ಷ್ಮವಾಗಿ ನೋಡಿದಾಗ, ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ನಾಳದಲ್ಲೇ ಕಂಡವು. ಇದು 2001ರ ಮಾತು. ಮುಂದೆ ಬಾಸ್ಟನ್ನಿನ ವೈದ್ಯರೂ ಇದನ್ನು ದೃಢಪಡಿಸಿದರು. ಅಂಡನಾಳದ ತುದಿಯಲ್ಲಿ ಸೀರೆಯ ಕುಚ್ಚಿನಂಥ ಭಾಗವೊಂದು ಅಂಡಾಶಯಕ್ಕೆ ತಾಗಿಕೊಂಡಿರುತ್ತದೆ. ಈ ಬಗೆಯ ಕ್ಯಾನ್ಸರ್ ಬಹಳಷ್ಟು ಸಲ ಅಲ್ಲಿ ಹುಟ್ಟಿ ಪಕ್ಕಕ್ಕೆ ಹರಡುತ್ತದೆ. ಅತ್ತಿಗೆಯದೂ ಇದೇ.

ಎಂಡೋಮೆಟ್ರಿಯಾಯ್ಡ್ ಮತ್ತು ಕ್ಲಿಯರ್ ಸೆಲ್ ಎಂಬ ಬಗೆಗಳು ಎಷ್ಟೋ ಸಲ ಎಂಡೋಮೆಟ್ರಿಯೋಸಿಸ್‌ನಿಂದ ಬರುತ್ತವೆ. ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು, ಮುಟ್ಟಿನ ಸಮಯದಲ್ಲಿ ತುಂಬಾ ನೋವು ಕೊಡುವ ತೊಂದರೆ. ಅದಿರುವ ಬಹುಪಾಲು ಹೆಂಗಸರಿಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ.

ಲೋಳೆಯಂಥ ದ್ರವ ತುಂಬಿದ ಮ್ಯೂಸಿನಸ್ ಗಡ್ಡೆಯಾದರೆ ಅಪೆಂಡಿಕ್ಸ್, ದೊಡ್ಡ ಕರುಳು, ಜಠರ ಇವುಗಳನ್ನೂ ನೋಡಬೇಕಾಗುತ್ತದೆ. ಬೇರೆ ಕಡೆಯಿಂದ ಬಂದು ಅಂಡಾಶಯದಲ್ಲಿ ನೆಲೆಸಿದ್ದಿರಬಹುದು. 1896ರಲ್ಲಿ ಜರ್ಮನಿಯ ಕ್ರುಕೆನ್‌ಬರ್ಗ್ ಅಂಡಾಶಯದ್ದೇ ಎಂದು ವರ್ಣಿಸಿದ ಗಡ್ಡೆ ಹೆಚ್ಚಾಗಿ ಜಠರದಿಂದ ಬರುತ್ತದೆಂದು ಆಮೇಲೆ ತಿಳಿಯಿತು. ಮೂಲ ಜಠರವಾದರೆ ಔಷಧಿಯೂ ಬೇರೆ.

ಇನ್ನು, ಅಂಡಾಣುಗಳಾಗಬೇಕಾದ ಮೂಲಕೋಶಗಳಿಂದ ಹುಟ್ಟುವ ಗಡ್ಡೆಗಳಿವೆ. ಇವು ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳಲ್ಲಿ ಕಾಣುತ್ತವೆ. ಎಎಫ್‌ಪಿ, ಎಚ್‌ಸಿಜಿ ಎಂಬ ರಕ್ತ ಪರೀಕ್ಷೆಗಳು ಸುಳಿವು ಕೊಡುತ್ತವೆ. ಕೀಮೋದಿಂದ ಇವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಅನೇಕ ವೇಳೆ ಒಂದು ಅಂಡಾಶಯ ತೆಗೆದು, ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸಬಹುದು. ಕ್ಯಾನ್ಸರ್ ಎಂದು ಕೇಳಿದೊಡನೆ “ಎಲ್ಲ ತೆಗೆದುಬಿಡಿ” ಎಂದು ಮನೆಯ ಹಿರಿಯರು ಅವಸರ ಮಾಡಬಾರದು. ಆ ಮಗಳು ಮುಂದೆ ತಾಯಿಯಾಗುವ ಪ್ರಶ್ನೆ ಅದರಲ್ಲಿದೆ.

ಕೊನೆಯದಾಗಿ, ಹಾರ್ಮೋನ್ ತಯಾರಿಸುವ ಅಂಗಾಂಶದಿಂದ ಬರುವ ಗ್ರಾನುಲೋಸಾ ಗಡ್ಡೆ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಇದರ ಲಕ್ಷಣವಾಗಿರಬಹುದು. ವರ್ಷಗಟ್ಟಲೆ ಸುಮ್ಮನಿದ್ದು ಮರುಕಳಿಸಬಲ್ಲದು, ಹಾಗಾಗಿ ತಪಾಸಣೆ ಬಿಡಬಾರದು.

ಇಷ್ಟು ಬಗೆಗಳನ್ನು ಬೇರೆ ಮಾಡುವುದು ಪೆಥಾಲಜಿ ಲ್ಯಾಬು. ಗಡ್ಡೆಯ ಚೂರನ್ನು ಮೇಣದ ಬ್ಲಾಕಿನಲ್ಲಿಟ್ಟು, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸ್ಲೈಡಿನಲ್ಲಿ ನೋಡುತ್ತಾರೆ. ಸೀರಸ್ ಬಗೆಯಾದರೆ ಬಿಆರ್‌ಸಿಎ ವಂಶವಾಹಿ ಪರೀಕ್ಷೆಯೂ ಬೇಕು. ಅದರಲ್ಲಿ ದೋಷವಿದ್ದರೆ ಓಲಾಪರಿಬ್‌ನಂಥ ಮಾತ್ರೆ ಕೆಲಸಕ್ಕೆ ಬರುತ್ತದೆ. ದೋಷ ಮಕ್ಕಳಿಗೂ ಹೋಗಿರಬಹುದು, ಗಂಡುಮಕ್ಕಳಿಗೂ. ಅತ್ತಿಗೆಗೆ ಆ ಪರೀಕ್ಷೆ ಆದದ್ದು ತಡವಾಗಿ. ಅವರು ಉಳಿಯಲಿಲ್ಲ. ಆದರೆ ಆ ರಿಪೋರ್ಟಿನಿಂದ ಮಗಳಲ್ಲೂ ದೋಷವಿರುವುದು ಗೊತ್ತಾಯಿತು. ಕಾಯಿಲೆ ಬರುವ ಮುಂಚೆಯೇ ಅಂಡನಾಳ, ಅಂಡಾಶಯ ತೆಗೆಸುವ ಬಗ್ಗೆ ಅವಳು ಈಗ ವೈದ್ಯರೊಂದಿಗೆ ಮಾತಾಡುತ್ತಿದ್ದಾಳೆ. ಅಮ್ಮನಿಗೆ ಸಿಗದ ಸಮಯ ಅವಳಿಗೆ ಸಿಕ್ಕಿದೆ.

ಈಗ ಹಣದ ಮಾತು. ರೆಡ್ ಹಿಲ್ಸಿನ ಎಂಎನ್‌ಜೆ, ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳು ನಮಗಿವೆ. ಆದರೆ ಬೀದರ್, ಕಲಬುರಗಿ, ರಾಯಚೂರಿನಿಂದ ದುಡಿಯಲು ಬಂದ ಎಷ್ಟೋ ಮನೆಗಳ ರೇಷನ್ ಕಾರ್ಡ್ ಇನ್ನೂ ಊರಿನದೇ. ಇಲ್ಲಿನ ಆರೋಗ್ಯಶ್ರೀಗೆ ತೆಲಂಗಾಣದ ಕಾರ್ಡ್ ಬೇಕು. ಕಾಗದ ಸರಿಹೋಗುವವರೆಗೆ ಪರೀಕ್ಷೆಯ ಖರ್ಚು ಕೈಯಿಂದಲೇ. ದೊಡ್ಡ ಆಪರೇಷನ್ನಿಗೆ ಬಂಧುಗಳು ಕೈ ಹಿಡಿಯುತ್ತಾರೆ, ಲ್ಯಾಬಿನ ಬಿಲ್ಲಿಗೆ ಯಾರೂ ಚಂದಾ ಎತ್ತುವುದಿಲ್ಲ. ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಆ ಬಿಲ್ಲಿನ ಮೇಲೆ.

ಆದ್ದರಿಂದ ಮೂರು ವಿನಂತಿ. ಮೊದಲನೆಯದು, ನಿಧಿಗೆ ಕೊಡುವಾಗ “ಪರೀಕ್ಷೆಗಾಗಿ” ಎಂದು ಬರೆದು ಸ್ವಲ್ಪವಾದರೂ ಕೊಡಿ. ಎರಡನೆಯದು, ಆಪರೇಷನ್ ಆದವರು ರಿಪೋರ್ಟನ್ನು ಮನೆಪತ್ರದಂತೆ ಜೋಪಾನ ಮಾಡಿ, ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಆಸ್ಪತ್ರೆಯಿಂದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ. ಮೂರನೆಯದು, ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇಪದೇ ಮೂತ್ರ ಇವು ಎರಡು ಮೂರು ವಾರ ಬಿಡದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ರೋಗಲಕ್ಷಣವೇ ಇಲ್ಲದವರಲ್ಲಿ ಇದನ್ನು ಹಿಡಿದು ಜೀವ ಉಳಿಸಬಲ್ಲ ಸಾಮೂಹಿಕ ತಪಾಸಣೆ ಇನ್ನೂ ಇಲ್ಲ. ಅದಕ್ಕೇ ಮೈ ಹೇಳುವುದನ್ನು ಕೇಳಬೇಕು.

ರಸೀದಿ ಪುಸ್ತಕ ಖಜಾಂಚಿಯವರ ಹತ್ತಿರ ಇದೆ. ಮೊತ್ತ ಚಿಕ್ಕದೆಂದು ಯಾರೂ ಸಂಕೋಚಪಡಬೇಡಿ.